ಉರಿ ನಿಂತ ಕಾಲು

ಮೊನ್ನೆ ಮಗಳು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಂದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದುಡಿಯಲು ಊರು ಬಿಟ್ಟು ಹೋಗಿ ಕಡಲ ಕಡೆಯ ದಾಬೋಲಿಮ್ ಹತ್ತಿರ ನಾವಿದ್ದ ಬಾಡಿಗೆ ಖೋಲಿ ಕಣ್ಣ ಮುಂದೆ ಬಂತು. ಬಾಜೂ ಖೋಲಿಯ ದೊಡ್ಡವ್ವನೂ ಬಂದಳು...

ಸಂಬಂಧದಲ್ಲಿ ಆಕೆ ನನಗೇನೂ ಆಗಬೇಕಿರಲಿಲ್ಲ. ವಿಜಾಪುರದ ಕಡೆಯವಳು, ನಮ್ಮ ಮಾತಿನವಳು, ಅಷ್ಟು ಸಾಕಿತ್ತು. ಎರಡು ಸಾವಿರದ ಐದರ ಸುಮಾರಿಗೆ ಇಬ್ಬರೂ ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಹೊತ್ತು ಮಾರುತ್ತಿದ್ದೆವು.

ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಹಳೆಯದು. ಅಂಗಾಲಿನ ಉರಿ ಆಕೆಯನ್ನು ಹಣ್ಣು ಮಾಡಿತ್ತು. ಬೀಚಿನಿಂದ ಬಂದವಳೇ ಕರ್ಪೂರದೆಣ್ಣೆ ಹಚ್ಚಿ, ಒದ್ದೆ ಗೋಣಿಚೀಲದ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಡಾಕ್ಟರನ್ನು, ಗುಳಿಗೆಯನ್ನು, ಚಹಾಕ್ಕೆ ಸಕ್ಕರೆ ಹಾಕದ ಸೊಸೆಯನ್ನು ಒಂದೇ ಉಸಿರಿಗೆ ಬಯ್ಯುತ್ತಿದ್ದಳು.

ಒಂದು ವರ್ಷ ಉರಿ ತಾನಾಗಿ ಇಳಿಯುತ್ತ ಬಂದು ನಿಂತೇ ಹೋಯಿತು. ಆಕೆ ಹೋಳಿಗೆ ಮಾಡಿ ಕರೆದಳು.

“ಉರಿ ಹೋತವ್ವ, ಪೂರಾ ಹೋತು! ಇನ್ನ ಗುಳಿಗಿ ಯಾಕ ಬೇಕು? ನೀ ತಿನ್ನು, ನಾನೂ ಒಂದ್ ತಿಂತೇನಿ.”

ನಾನೂ ಖುಷಿಪಟ್ಟು ತಿಂದೆ. ನೋವು ಹೋದರೆ ರೋಗ ಹೋದಂತೆಯೇ ಎಂದು ತಿಳಿದ ಜನ ನಾವು. ಮೇ ತಿಂಗಳ ಮಧ್ಯಾಹ್ನ ಕಾದ ಮರಳಿನಲ್ಲಿ ನಾವೆಲ್ಲ ಚಪ್ಪಲಿ ಇದ್ದೂ ಕುಣಿಯುತ್ತಿದ್ದರೆ, ಆಕೆ ಬರಿಗಾಲಲ್ಲಿ ನಡೆದು ನಮ್ಮನ್ನು ನೋಡಿ ನಗುತ್ತಿದ್ದಳು.

ಒಂದು ದಿನ ಮರಳು ದಾಟಿ ಸಿಮೆಂಟಿನ ಮೆಟ್ಟಿಲು ಹತ್ತುವಾಗ ಆಕೆಯ ಹಿಂದೆ ಕೆಂಪು ಹೆಜ್ಜೆ ಕಂಡವು.

“ದೊಡ್ಡವ್ವಾ, ಅಂಗಾಲ ನೋಡ್ಕೋಬೇ!” ಎಂದು ಕೂಗಿದೆ.

ಬೊಬ್ಬೆಗಳು ಒಡೆದು ಚರ್ಮ ಸುಲಿದಿತ್ತು. “ನನಗೇನೂ ಆಗಾಕತ್ತಿಲ್ಲಲ್ಲ...” ಅಂದಳು. ಆ ಮುಖ ಇವತ್ತಿಗೂ ಮರೆತಿಲ್ಲ.

ಉರಿ ಗುಣವಾಗಿರಲಿಲ್ಲ, ಕಾಲಿನ ನರಗಳೇ ಸತ್ತಿದ್ದವು ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಗಾಯ ಮಾಯಲಿಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮರಳಿನಲ್ಲಿ ಊರುಗೋಲು ನಿಲ್ಲುವುದಿಲ್ಲ, ವ್ಯಾಪಾರ ಅಲ್ಲಿಗೇ ಮುಗಿಯಿತು. ಮಗ ಊರಿಗೆ ಕರೆದೊಯ್ದ. ಮರುವರ್ಷ ತೀರಿಕೊಂಡ ಸುದ್ದಿ ಬಂದಾಗ ನನಗೆ ಮಣ್ಣಿಗೆ ಹೋಗಲೂ ಆಗಲಿಲ್ಲ...

ಈಗ ಸಕ್ಕರೆ ನನಗೂ ಬಂದಿದೆ. ಅಂಗಾಲು ಉರಿದು ಉರಿದು ಸಾಕಾಗಿಹೋಗಿದೆ. ಎಣ್ಣೆ ತಿಕ್ಕುತ್ತ ಮಗಳು ಕೇಳಿದಳು, “ಉರಿ ಕಡಿಮಿ ಆತೇನವ್ವಾ?”

“ಇಲ್ಲವ್ವ, ಇನ್ನೂ ಉರಿಯಾಕತ್ತೇತಿ,” ಅಂದೆ.

ಹಾಗೆ ಹೇಳಿ ನನಗೆಷ್ಟು ಸಮಾಧಾನವಾಯಿತೆಂದು ಆಕೆಗೆ ತಿಳಿಯಲಿಲ್ಲ. ದೊಡ್ಡವ್ವ ಇದ್ದಿದ್ದರೆ ತಿಳಿಯುತ್ತಿತ್ತು.