ಹೋತ ಹತ್ತಿದ ಗಾಡಿ

ನಮ್ಮ ಮನೆಯ ಪಿಕಪ್ ಗಾಡಿ ಪೆಟ್ರೋಲಿನದು. ಕುರಿ ಸಾಗಿಸುವವರು ಡೀಸೆಲ್ ಬಿಟ್ಟು ಇದನ್ನೇಕೆ ತೆಗೆದುಕೊಂಡಿರಿ ಎಂದು ಸಂತೆಯಲ್ಲಿ ಯಾರಾದರೂ ಕೇಳಿದರೆ ಅಣ್ಣನದು ಒಂದೇ ಉತ್ತರ: "ಹೋತ ಪಸಂದ ಮಾಡ್ಯದರಿ." ಕೇಳಿದವರು ನಗುತ್ತಾರೆ. ಅಣ್ಣ ನಗುವುದಿಲ್ಲ, ಇನ್ನೊಂದು ಗುಟುಕು ಚಹಾ ಕುಡಿಯುತ್ತಾನೆ.

ಅವನು ಹೇಳುವುದು ಸುಳ್ಳಲ್ಲ. ಆ ದಿನ ನಾನೂ ಅಲ್ಲಿದ್ದೆ. ಆದರೆ ಪೂರ್ತಿ ನಿಜವೂ ಅಲ್ಲವೇನೋ ಎಂಬ ಅನುಮಾನ ನನಗಿದೆ. ಅನುಮಾನ ಅಣ್ಣನ ಮೇಲಲ್ಲ, ನನ್ನ ನೆನಪಿನ ಮೇಲೆ. ಡೈರಿ ಬರೆಯುವ ಚಟ ನನಗೆ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಹತ್ತಿದ್ದು. ಹಳೆಯ ಪುಟಗಳನ್ನು ತೆಗೆದು ಓದಿದಾಗಲೆಲ್ಲ ನಾನು ಬರೆದದ್ದಕ್ಕೂ ನೆನಪಿಟ್ಟುಕೊಂಡದ್ದಕ್ಕೂ ತಾಳೆಯಾಗುವುದಿಲ್ಲ. ಗಾಡಿ ಆರಿಸಿದ ದಿನ ಬರೆದಿರುವುದು ಇಷ್ಟೇ: ವಿಪರೀತ ಬಿಸಿಲು, ಸೀರೆಗೆ ಹೋತದ ವಾಸನೆ, ತೊಳೆದರೂ ಹೋಗಲಿಲ್ಲ. ಉಳಿದದ್ದನ್ನೆಲ್ಲ ತಲೆಯಿಂದಲೇ ತೆಗೆಯಬೇಕು.

ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ, ಜನವಾಡದ ಹತ್ತಿರ ಹೊಲದಲ್ಲೇ ಮನೆ ಮಾಡಿಕೊಂಡಿದ್ದಾರೆ. ತೊಗರಿ, ಜೋಳದ ಜೊತೆಗೆ ಕುರಿಗಳಿವೆ. ನಾನು ಬೀದರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಊರೊಳಗೆ ಬಾಡಿಗೆ ಮನೆ. ರಜೆ ಸಿಕ್ಕರೆ ಜನವಾಡದ ಬಸ್ಸು ಹತ್ತುತ್ತೇನೆ.

ಕುರಿಗಳನ್ನು ಔರಾದಿನ ಸಂತೆಗೋ ಭಾಲ್ಕಿಯ ಸಂತೆಗೋ ಒಯ್ಯಬೇಕಾದಾಗ ಊರಿನ ಒಬ್ಬ ಹಿರಿಯ ಡ್ರೈವರ್ ತನ್ನ ಡೀಸೆಲ್ ಗಾಡಿ ತರುತ್ತಿದ್ದ. ದೂರದ ಸಂಬಂಧ, ನಾವೆಲ್ಲ ಮಾಮಾ ಎನ್ನುತ್ತೇವೆ. ಒಳ್ಳೆಯ ಮನುಷ್ಯ, ಆದರೆ ಅವನ ಮುಂಜಾನೆ ಯಾವಾಗ ಆಗುತ್ತದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ವೈನಿ ಕತ್ತಲಲ್ಲೇ ಎದ್ದು ಕುರಿಗಳನ್ನು ಒಡ್ಡಿನ ಮೇಲೆ ತಂದು ನಿಲ್ಲಿಸುತ್ತಿದ್ದಳು. ಬಿಸಿಲು ಏರುವ ಹೊತ್ತಿಗೆ ಮಾಮಾ ಹಲ್ಲು ತಿಕ್ಕುತ್ತಾ ಬರುತ್ತಿದ್ದ. ಸಂತೆ ಮುಟ್ಟುವಷ್ಟರಲ್ಲಿ ಒಳ್ಳೆಯ ಜಾಗವೆಲ್ಲ ತುಂಬಿ, ಇವರ ಕುರಿಗಳು ಗೋಡೆಯ ಮೂಲೆಗೆ ನಿಲ್ಲುತ್ತಿದ್ದವು.

"ಮಾಮಾ, ನಾಳಿಗಿ ಬರ್ತೀರೋ, ನಾಡದಿಗಿ ಬರ್ತೀರೋ?" ಎಂದು ವೈನಿ ಕೇಳುತ್ತಿದ್ದಳು.

"ಬಂದೇನಲ್ಲವ್ವಾ. ಡೀಸೆಲ್ ಗಾಡಿ, ಬೆಚ್ಚಗಾಗಬೇಕಲ್ಲ."

"ಗಾಡಿ ಬೆಚ್ಚಗಾಗ್ಲತ್ತಿತ್ತೋ, ಹಾಸಿಗಿ ಬೆಚ್ಚಗಿತ್ತೋ?"

ಕೊನೆಗೆ ಮನೆಗೇ ಒಂದು ಗಾಡಿ ತರುವುದು ಎಂದಾಯಿತು. ಡೀಸೆಲೋ ಪೆಟ್ರೋಲೋ ಎಂಬ ಚರ್ಚೆ ಅಲ್ಲಿಂದ ಸುರುವಾಯಿತು. ಹೊರಗಿನವರಿಗೆ ಅದು ಎಂಜಿನ್ನಿನ ಚರ್ಚೆಯ ಹಾಗೆ ಕೇಳಿಸುತ್ತಿತ್ತು. ಮನೆಯವರಿಗೆಲ್ಲ ಗೊತ್ತಿತ್ತು, ಸ್ಟೇರಿಂಗ್ ಹಿಡಿಯುವವರು ಯಾರು ಎಂಬುದೇ ಅದರ ಹೂರಣ ಎಂದು. ಅಣ್ಣನಿಗೆ ಮೋಟಾರ್ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ವೈನಿ ಸಾಯಗಾಂವದ ತವರಿನಲ್ಲಿ ಹುಡುಗಿಯಾಗಿದ್ದಾಗಲೇ ಟ್ರ್ಯಾಕ್ಟರ್ ಓಡಿಸಿದವಳು. ಹೋದ ಚಳಿಗಾಲ ನನ್ನ ಮನೆಯಲ್ಲಿ ಉಳಿದು, ಬೀದರಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. ಕಲಿಯಲು ಅಣ್ಣ ಬೇಡವೆನ್ನಲಿಲ್ಲ. ಓಡಿಸುವ ಮಾತು ಬಂದಾಗ ಮಾತ್ರ ಒಂದು ಗೆರೆ ಎಳೆದ.

"ಡೀಸೆಲ್ ತಂದ್ರ ಮಾಮಾ ಓಡಸ್ಲಿ. ದೊಡ್ಡ ಗಾಡಿ ಅದು. ಪೆಟ್ರೋಲಿನ ಸಣ್ಣದು ತಂದ್ರ ನೀ ಓಡಸು. ಆದ್ರ ಕುರಿ ಮಂದಿ ಸಣ್ಣ ಗಾಡಿ ತಂದ್ರ ಹ್ಯಾಂಗ?"

"ಟ್ರ್ಯಾಕ್ಟರ್ ಏನ್ ಸಣ್ಣದಿತ್ತೇನ್ರಿ?"

"ಅದು ಹೊಲದಾಗಿನ ಮಾತು."

ನಾನು ಓದಿದವಳು ಎಂಬ ಹೆಸರಿನಲ್ಲಿ ಮಧ್ಯೆ ಬಾಯಿ ಹಾಕಿದೆ. ಮೊಬೈಲಿನಲ್ಲಿ ಓದಿಕೊಂಡದ್ದನ್ನೆಲ್ಲ ಹೇಳಿದೆ. ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದಂತೆ. ದೂರದೂರ ಓಡಿದರೆ ಮಸಿ ತಾನೇ ಸುಟ್ಟುಹೋಗುತ್ತದಂತೆ, ಬರೀ ಹತ್ತಿರದ ಓಡಾಟವಾದರೆ ಕಟ್ಟಿಕೊಳ್ಳುತ್ತದಂತೆ. ನಮ್ಮದು ಜನವಾಡದಿಂದ ಬೀದರ, ಹೆಚ್ಚೆಂದರೆ ಔರಾದ, ಭಾಲ್ಕಿ. ಅದಕ್ಕೆ ಪೆಟ್ರೋಲೇ ಸರಿ ಎಂದೆ. ಅಣ್ಣ ತಾಳ್ಮೆಯಿಂದ ಕೇಳಿದ. ಪೂರ್ತಿ ಕೇಳಿದನೇ ಅಥವಾ ಕುರಿ ಎಣಿಸುತ್ತಿದ್ದನೇ ಎಂದು ಈಗ ಖಚಿತವಾಗಿ ಹೇಳಲಾರೆ.

"ಬೀದರಿನ ಏರು ಏರಬೇಕಲ್ಲ ತಂಗಿ. ಮ್ಯಾಲ ಕುರಿ ತುಂಬಿರ್ತಾವ. ನಿನ್ನ ಮೊಬೈಲ್ ಬಂದು ಹಿಂದಿಂದ ನೂಕ್ತದೇನು?"

ಎಷ್ಟೋ ಸಂಜೆ ಹೀಗೇ ಹೋದವು. ಒಂದು ದಿನ ಅಣ್ಣನೇ ಇದಕ್ಕೆ ಕೊನೆ ಹಾಡಿದ. ಅವನ ಹಾದಿ ನಮ್ಮ ಮನೆಯವರಿಗಷ್ಟೇ ಹೊಳೆಯುವಂಥದ್ದು.

ನಮ್ಮ ಹಿಂಡಿನ ಮುಂದೆ ಯಾವಾಗಲೂ ಕೊರಳಿಗೆ ಗಂಟೆ ಕಟ್ಟಿದ ಒಂದು ಹೋತ ನಡೆಯುತ್ತದೆ. ಅದು ಹೋದಲ್ಲಿ ಕುರಿಗಳು ಹೋಗುತ್ತವೆ. ಅಪ್ಪನ ಕಾಲದಿಂದಲೂ ಒಂದು ರೂಢಿಯಿದೆ. ಹೊಸ ದೊಡ್ಡಿ ಕಟ್ಟಿದರೆ ಮೊದಲು ಹೋತವನ್ನು ಬಾಗಿಲಿಗೆ ತಂದು ಬಿಡುತ್ತಾರೆ. ಯಾರೂ ಎಳೆಯಬಾರದು, ನೂಕಬಾರದು. ತಾನಾಗಿ ಒಳಗೆ ಹೋಗಿ ಮಲಗಿದರೆ ಆ ಜಾಗ ಸೈ. ತಿರುಗಿ ಬಂದರೆ ಕಟ್ಟಿದ್ದನ್ನು ಕಿತ್ತು ಬೇರೆ ಕಡೆ ಕಟ್ಟುತ್ತಾರೆ.

"ಗಾಡಿ ಅಂದ್ರನೂ ದೊಡ್ಡೀನೇ, ಗಾಲಿ ಇದ್ದದ್ದು," ಎಂದ ಅಣ್ಣ. "ಹೋತಕ್ಕ ಕೇಳಮು. ಅದು ಯಾವುದ್ರಾಗ ಮಲಗ್ತದೋ ಅದೇ ತರಮು. ಆಮ್ಯಾಲ ಯಾರೂ ಮಾತಾಡಬಾರ್ದು, ನಾನೂ ಮಾತಾಡಂಗಿಲ್ಲ."

ಮಾಮಾ ಖುಷಿಯಿಂದ ತೊಡೆ ತಟ್ಟಿಕೊಂಡ. ಆ ಹೋತ ಹುಟ್ಟಿದಾಗಿನಿಂದ ಅವನ ಡೀಸೆಲ್ ಗಾಡಿಯಲ್ಲೇ ತಿರುಗಿತ್ತು. ವೈನಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಸುರುವಾಯಿತು. ಇದಂತೂ ನನಗೆ ಚೆನ್ನಾಗಿ ನೆನಪಿದೆ.

ಹೀಗೆ ನಾವು ಬೀದರಿನ ಗಾಡಿ ಅಂಗಡಿಗೆ ಹೋದದ್ದು ಹೋತದ ಸಮೇತ. ಮಾಮಾನ ಗಾಡಿಯಿಂದ ಅದನ್ನು ಇಳಿಸಿದಾಗ ಟೈ ಕಟ್ಟಿಕೊಂಡಿದ್ದ ಮಾರಾಟದವನು ಒಂದು ಹೆಜ್ಜೆ ಹಿಂದೆ ಸರಿದ.

"ಗಿರಾಕಿ ಯಾರ್ರಿ?"

"ಇದೇ," ಎಂದ ಅಣ್ಣ, ಹೋತದ ಬೆನ್ನು ಸವರುತ್ತಾ. "ನಾವು ಸಂಗಟ ಬಂದೇವಿ."

ಮಾರಾಟದವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮೊದಲು ಗಾಡಿ ಓಡಿಸಿ ನೋಡ್ರಿ ಎಂದು ಪೆಟ್ರೋಲ್ ಗಾಡಿಯ ಚಾವಿಯನ್ನು ಅಣ್ಣನ ಕಡೆ ಚಾಚಿದ. ಅಣ್ಣ ಅದನ್ನು ಮಾಮಾನಿಗೆ ಕೊಡುತ್ತಾನೆ ಎಂದುಕೊಂಡೆ. ವೈನಿಯ ಕೈಗೆ ಕೊಟ್ಟ. ನಾನು ಪಕ್ಕದಲ್ಲಿ ಕೂತೆ. ಅಂಗಡಿಯ ಒಬ್ಬ ಹುಡುಗ ಹಿಂದೆ ನಿಂತುಕೊಂಡ.

ಅಷ್ಟೂರಿನ ಕಡೆ ಹೊರಟೆವು. ವೈನಿ ಮೊದಲು ಸೆರಗು ಸಿಗಿಸಿಕೊಂಡಳು, ಆಮೇಲೆ ಕನ್ನಡಿ ತಿರುಗಿಸಿದಳು, ಆಮೇಲೆ ಚಪ್ಪಲಿ ಬಿಟ್ಟಳು. ಬರಿಗಾಲಲ್ಲಿ ಕ್ಲಚ್ ಒತ್ತಿದರೆ ಗಾಡಿಯ ಮನಸ್ಸು ತಿಳಿಯುತ್ತದೆ ಎಂದಳು. ಹಳೆಯ ಗೋರಿಗಳ ಗುಮ್ಮಟಗಳು ಕಾಣುವ ತನಕ ಓಡಿಸಿದಳು. ಅಲ್ಲಿ ತಿರುಗಿಸಿಕೊಂಡು, ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಕೂತಳು.

"ಬಾಯೋರ, ಕೇಳ್ರಿ ಇದರ ದನಿ." ನನ್ನನ್ನು ಚೇಷ್ಟೆ ಮಾಡಬೇಕೆನಿಸಿದಾಗ ಬಾಯೋರ ಎನ್ನುತ್ತಾಳೆ, ಸಾಲಿ ಕಲಿಸುವವರನ್ನು ಕರೆದ ಹಾಗೆ.

"ಏನೂ ಕೇಳ್ತಿಲ್ಲಲ್ಲ."

"ಅದೇ ಮತ್ತ. ಡೀಸೆಲ್ ಆದ್ರ ಕುರಿಗೋಳು ಹಿಂದ ನಡುಗ್ತಾವ, ಸಂತಿ ಮುಟ್ಟೋತನಕ ನಿಂತೇ ಇರ್ತಾವ. ಇದ್ರಾಗ ಮಲಗ್ತಾವ." ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದುಕೊಂಡೇ ಇದ್ದಳು. "ಒಂದ್ ಸಲ ನಾ ಎದ್ದಾಗ ಹೊಂಡಬೇಕು. ಯಾರಿಗೂ ಕಾಯದ. ಅಷ್ಟೇ ನೋಡ್ರಿ."

"ಹೋತ ಡೀಸೆಲ್ ಹತ್ತಿದ್ರ?"

"ಹತ್ತಿದ್ರ ಹತ್ತಲಿ. ಮಾತು ಕೊಟ್ಟಾರಲ್ಲ ನಿಮ್ಮಣ್ಣ."

ಆಮೇಲೆ ಕಾಲು ಹಿಡಿದುಕೊಂಡಿದೆ ಎಂದು ಕೆಳಗಿಳಿದಳು. ಬದುವಿನ ಕಡೆ ಸ್ವಲ್ಪ ದೂರ ಹೋಗಿ ಬಂದಳು. ಅಲ್ಲಿ ಯಾರದೋ ಚೆಂಡುಹೂವಿನ ತೋಟ ಇತ್ತು. ಇತ್ತೇ? ಇತ್ತೆಂದೇ ನನ್ನ ನೆನಪು. ಆದರೆ ಮುಂದೆ ನಡೆದದ್ದು ಗೊತ್ತಿರುವುದರಿಂದ, ಆ ಬಣ್ಣವನ್ನು ಆಮೇಲೆ ನಾನೇ ಬಳಿದೆನೋ ಏನೋ. ಹೋದ ತಿಂಗಳು ಆ ದಾರಿಯಲ್ಲಿ ಹೋದಾಗ ನೋಡಿದೆ. ಅಲ್ಲಿ ಸೋಯಾ ಇತ್ತು.

ಮರಳಿ ಏರು ಹತ್ತುವಾಗ ಗಾಡಿ ತುಸು ಏದುಸಿರು ಬಿಟ್ಟಿತು. ವೈನಿ ಗೇರ್ ಇಳಿಸಿದಳು. ಸಲೀಸಾಗಿ ಬಂದೆವು.

ಅಂಗಡಿಯ ಅಂಗಳದಲ್ಲಿ ಸಾಮಾನು ಇಳಿಸುವ ಒಂದು ಕಟ್ಟೆಯಿತ್ತು. ವೈನಿ ಪೆಟ್ರೋಲ್ ಗಾಡಿಯನ್ನು ಹಿಂದಕ್ಕೆ ತಂದು ಕಟ್ಟೆಗೆ ಒತ್ತಿ ನಿಲ್ಲಿಸಿದಳು. ಮಾಮಾ ಅಂಗಡಿಯ ಹೊಸ ಡೀಸೆಲ್ ಗಾಡಿಯನ್ನು ಪಕ್ಕದಲ್ಲಿ ತಂದು ನಿಲ್ಲಿಸಿದ. ಎರಡರ ಹಿಂದಿನ ಹಲಗೆ ಬಿಚ್ಚಿದರು. ಅಂದು ಮುಂಜಾನೆ ಯಾರೋ ಹೊಸ ಗಾಡಿ ಪೂಜೆ ಮಾಡಿಸಿಕೊಂಡು ಒಯ್ದಿದ್ದರು. ಒಡೆದ ಕಾಯಿಯ ಚೂರು, ಹರಿದ ಮಾಲೆಯ ಹೂವು ಅಂಗಳದ ತುಂಬ ಬಿದ್ದಿದ್ದವು. ಈ ಹೂವಿನ ಬಗ್ಗೆ ನನಗೆ ಅನುಮಾನವಿಲ್ಲ. ಮಾಮಾ ಅಂದಿನಿಂದ ಆ ಮಾಲೆಯ ಮಾತನ್ನೇ ಹೇಳುತ್ತಾ ಬಂದಿದ್ದಾನೆ.

ಅಣ್ಣ ಹೋತವನ್ನು ಕಟ್ಟೆಯ ಮೇಲೆ ತಂದು, ಹಗ್ಗ ಬಿಚ್ಚಿ ದೂರ ನಿಂತ. ಅಂಗಡಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಹೋತ ನೆಟ್ಟಗೆ ಡೀಸೆಲ್ ಗಾಡಿಯ ಹತ್ತಿರ ಹೋಯಿತು. ಅದರ ಬಾಡಿ ಕಟ್ಟೆಗಿಂತ ಒಂದು ಗೇಣು ಎತ್ತರ. ಮೂಸಿತು, ಒಂದು ಮುಂಗಾಲು ಎತ್ತಿ ಮೇಲಿಟ್ಟಿತು.

"ಆತು, ಅಳಿಯಾ," ಎಂದ ಮಾಮಾ ಮೆಲ್ಲಗೆ.

ನಾನು ವೈನಿಯ ಮುಖ ನೋಡಿದೆ. ಅವಳು ಹೋತವನ್ನು ನೋಡುತ್ತಿರಲಿಲ್ಲ, ಅಣ್ಣನನ್ನು ನೋಡುತ್ತಿದ್ದಳು. ಅಣ್ಣ ನೆಲ ನೋಡುತ್ತಿದ್ದ.

ಹೋತ ಕಾಲು ಇಳಿಸಿತು. ಗಾಳಿಗೆ ಮೂಗೆತ್ತಿ, ಗಂಟೆ ಆಡಿಸುತ್ತಾ ಪಕ್ಕದ ಗಾಡಿಗೆ ಹೋಯಿತು. ಅದು ಕಟ್ಟೆಗೆ ಸಮ ಇತ್ತು, ಹೊಸ್ತಿಲು ದಾಟಿದ ಹಾಗೆ ದಾಟಿ ಒಳಗೆ ಹೋಯಿತು. ಮುಂದಿನ ಮೂಲೆಗೆ ಮೂತಿ ಇಟ್ಟು ಏನನ್ನೋ ಮೇಯತೊಡಗಿತು.

"ಏ, ಹೂ ಬಿದ್ದಾವ ಅಲ್ಲಿ," ಎಂದ ಮಾಮಾ. "ಚೆಂಡುಹೂ. ಇದು ಲೆಕ್ಕಕ್ಕಿಲ್ಲ. ಇಳಸ್ರಿ ಅದಕ್ಕ, ಮತ್ತೊಮ್ಮೆ ಬಿಡಮು."

"ಮಾಮಾ, ಯಾರೂ ಎಳೀಬಾರ್ದು ಅಂತ ಮಾತಾಗ್ಯದ," ಎಂದಳು ವೈನಿ.

"ಎಳಿಯೋದಲ್ಲವ್ವಾ, ಕರಿಯೋದು." ಮಾಮಾ ಬಾಯಿಯಿಂದ ಸಪ್ಪಳ ಮಾಡಿ ಕರೆದ. ಹೋತ ತಿರುಗಿ ನೋಡಿತು. ಬಾಯಲ್ಲಿ ಒಂದು ಹಳದಿ ಎಸಳು ಇತ್ತು. ಅದನ್ನು ನುಂಗಿ, ಮುಂಗಾಲು ಮಡಚಿ, ಹಿಂಗಾಲು ಮಡಚಿ, ಹೊಚ್ಚ ಹೊಸ ಬಾಡಿಯಲ್ಲಿ ಮಲಗಿಬಿಟ್ಟಿತು.

ಮಾರಾಟದವನು ಕೇಳಿದ: "ಹಂಗಾರ ಪೆಟ್ರೋಲೇ ಏನ್ರಿ?"

"ಮಲಗ್ಯದಲ್ಲ," ಎಂದ ಅಣ್ಣ. "ಇನ್ನೇನ್ ಕೇಳ್ತೀರಿ."

ಅದನ್ನು ಇಳಿಸಲು ಕೊನೆಗೆ ಅಣ್ಣ ಹೊತ್ತುಕೊಳ್ಳಬೇಕಾಯಿತು. ಹಿಂದಿನ ಕಾಲು ಹಿಡಿದವಳು ನಾನು. ಸೀರೆಗೆ ವಾಸನೆ ಹತ್ತಿದ್ದು ಆಗ.

ಈಗ ಸಂತೆಯ ದಿನ ವೈನಿ ತಾನು ಎದ್ದಾಗ ಹೊರಡುತ್ತಾಳೆ. ಔರಾದಿನಲ್ಲಿ ಬೇವಿನ ಮರದ ಕೆಳಗಿನ ಜಾಗ ಅವಳದೇ ಎಂಬಂತಾಗಿದೆ. ಮಾಮಾ ಬೇರೆಯವರ ಬಾಡಿಗೆಗೆ ಹೋಗುತ್ತಾನೆ, ಸಂತೆಗೆ ತಡವಾಗಿ ಬಂದು ಇವಳ ಮರದ ನೆರಳಿಗೇ ಗಾಡಿ ನಿಲ್ಲಿಸುತ್ತಾನೆ. "ಏನವ್ವಾ, ಹೂವಿನ ಗಾಡಿ ಹ್ಯಾಂಗ ಓಡ್ಲತ್ತದ?" ಎಂದು ಕೇಳಿ ಚಹಾ ಕುಡಿಸಿಕೊಳ್ಳುತ್ತಾನೆ. ಪೆಟ್ರೋಲಿಗೆ ಖರ್ಚು ಹೆಚ್ಚು ಎಂಬ ಅಣ್ಣನ ಗೊಣಗಾಟವೂ ಇದೆ. ಆದರೆ ಕೊಟ್ಟ ಮಾತಿಗೆ ತಕ್ಕಂತೆ ಹೊರಗಿನವರ ಮುಂದೆ ಗೊಣಗುವುದಿಲ್ಲ.

ಹೋದ ವಾರ ಭಾಲ್ಕಿ ಸಂತೆಗೆ ಹೊರಟಾಗ ನಾನೂ ಜೊತೆಗಿದ್ದೆ. ಬೀದರಿನ ಏರಿನಲ್ಲಿ ಕೇಳಿಯೇಬಿಟ್ಟೆ.

"ವೈನಿ, ಅಂದು ಆ ಮೂಲ್ಯಾಗಿನ ಹೂ ಗಾಳಿಗಿ ಬಂದು ಬಿದ್ದಿದ್ದವೇನು?"

"ನಿಮ್ಮ ನೆನಪು ಏನ್ ಹೇಳ್ತದ, ಬಾಯೋರ?"

"ಅಷ್ಟೂರಿನಾಗ ನೀ ಮರಳಿ ಬಂದಾಗ ನಿನ್ನ ಅಂಗೈ ಹಳದಿ ಇತ್ತು ಅಂತದ."

"ಮುಂಜಾನಿ ಅರಿಷಿಣ ಕುಟ್ಟಿದ್ದೆ," ಎಂದು ಗೇರ್ ಬದಲಿಸಿದಳು. ಅವಳು ನಕ್ಕಳೇ? ನಾನು ಕಿಟಕಿಯ ಕಡೆ ತಿರುಗಿದ್ದೆ, ನೋಡಲಿಲ್ಲ.

ಇಷ್ಟಂತೂ ನಾನು ಕಣ್ಣಾರೆ ಕಂಡದ್ದು, ಕಂಡ ದಿನವೇ ಬರೆದಿಟ್ಟದ್ದು. ಒಡ್ಡಿನ ಉದ್ದಕ್ಕೂ ಈಗ ಚೆಂಡುಹೂವಿನ ಸಾಲು ಇದೆ. ಹಚ್ಚಿದವನು ಅಣ್ಣ. ಹೂ ಇಲ್ಲದಿದ್ದರೆ ಹೋತ ಆ ಗಾಡಿ ಹತ್ತುವುದಿಲ್ಲ, ಅದು ಹತ್ತದಿದ್ದರೆ ಕುರಿಗಳು ಹತ್ತುವುದಿಲ್ಲ. ಭಾಲ್ಕಿಗೆ ಹೊರಟ ದಿನವೂ ವೈನಿ ಗಾಡಿ ಹಿಂದಕ್ಕೆ ತಂದು ಒಡ್ಡಿಗೆ ಹಚ್ಚುತ್ತಿರುವಾಗ ಅಣ್ಣ ಒಂದು ಹೂ ಕಿತ್ತ. ಅದನ್ನು ಬಾಡಿಯ ಮುಂದಿನ ಮೂಲೆಗೆ ಎಸೆದು, ಹಗ್ಗ ಬಿಚ್ಚಿ ದೂರ ನಿಂತ. ಹೋತ ಹತ್ತಿತು, ಅದರ ಹಿಂದೆ ಕುರಿಗಳೂ ಹತ್ತಿದವು.

"ಈ ಹೋತ ಸಣ್ಣದಿದ್ದಾಗಿಂದನೂ ಹಿಂಗೇ," ಎಂದ ನನಗೆ. "ಚೆಂಡುಹೂ ಕಂಡ್ರ ಬಾವ್ಯಾಗಾದ್ರೂ ಇಳೀತದ."

"ಅಂದು ಅಂಗಡಿಗಿ ಹೋಗೋಕಿಂತ ಮೊದಲೇ ನಿನಗ ಇದು ಗೊತ್ತಿತ್ತೇನು?" ಎಂದು ಕೇಳಿದೆ.

ವೈನಿ ಹಾರ್ನ್ ಹೊಡೆದಳು, ಹೊತ್ತಾಗುತ್ತದೆ ಎಂದು. ಅಣ್ಣ ಓಡಿಹೋಗಿ ಹಿಂದಿನ ಹಲಗೆ ಹಾಕಿದ.