ಗಂಗಣ್ಣನ ನಾಲಿಗೆ, ಪ್ರಸಾದನ ಮೂಗು

ಮಧುಗಿರಿ ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದಿದೆ, ಕೆಳಗಿನ ಬೀದಿಗೆ ಇನ್ನೂ ಇಳಿದಿಲ್ಲ. ಗಂಗಹನುಮಯ್ಯ ಮನೆಯ ಜಗಲಿಯಲ್ಲಿ ಕುಳಿತು ಎರಡು ಗಾಜಿನ ಟೀ ಲೋಟಗಳಿಗೆ ಕೆಂಪು ವೈನ್ ಸುರಿಯುತ್ತಿದ್ದಾರೆ. ಕಾಫಿ ಕುಡಿದಿಲ್ಲ. ಹಲ್ಲುಜ್ಜಿರುವುದೂ ಬರೀ ನೀರಿನಲ್ಲಿ. ಬಾಯಲ್ಲಿ ಪೇಸ್ಟಿನ ರುಚಿ ಉಳಿದರೆ ಕೆಲಸ ಕೆಡುತ್ತದಂತೆ. ಹಾಲು ಕೊಡಲು ಬಂದ ಹೆಂಗಸು ಲೋಟಗಳ ಕಡೆ ನೋಡಿಯೂ ನೋಡದಂತೆ ಹಾಲಿನ ಪಾತ್ರೆ ಇಟ್ಟು ಹೋಗುತ್ತಾಳೆ.

ಒಂದು ಲೋಟ ರೇಣುಕಪ್ರಸಾದ್ ಕೈಗೆ ಹೋಗುತ್ತದೆ. ಇಬ್ಬರೂ ಒಂದೇ ವೈನ್ ಸ್ಟೋರಿನ ನೌಕರರು. ಪ್ರಸಾದ್ ಲೋಟಕ್ಕೆ ಮೂಗಿಟ್ಟು ಕಣ್ಣು ಮುಚ್ಚುತ್ತಾನೆ. ಗಂಗಹನುಮಯ್ಯ ವೈನ್ ನೋಡುವುದಿಲ್ಲ, ಪ್ರಸಾದನ ಮೂಗನ್ನೇ ದುರುಗುಟ್ಟಿಕೊಂಡು ನೋಡುತ್ತಾರೆ.

"ಏನೈತಲ್ಲಾ?"

"ನೇರಳೆ ಹಣ್ಣು ಐತಣ್ಣ. ಹಿಂದ್ಗಡೆ ಒಂಚೂರು ಹೊಗೆ."

"ಹೊಗೆ ಸೌದೇದಾ, ಬೀಡೀದಾ?"

"ಸೌದೇದು."

ಈಗ ಗಂಗಹನುಮಯ್ಯ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕೆನ್ನೆಯಿಂದ ಕೆನ್ನೆಗೆ ಆಡಿಸಿ, ಕರಿಬೇವಿನ ಗಿಡದ ಬುಡಕ್ಕೆ ಉಗಿಯುತ್ತಾರೆ. "ಹುಳಿ ಸರಿಯಾಗೈತೆ. ಒಗರು ಮೆತ್ತಗೈತೆ. ಕಟ್ಟು, ಈ ಲಾಟಿಗೆ ದಾರ ಕಟ್ಟು."

ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿರುವ ಅವರ ಅಂಗಡಿಯ ಬೋರ್ಡಿನಲ್ಲಿ 'ವೈನ್ಸ್' ಎಂದಿದೆ. ನಮ್ಮ ಎಲ್ಲ ಊರುಗಳಂತೆ ಅಲ್ಲೂ ವೈನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಜೋರಾಗಿ ಖರ್ಚಾಗುತ್ತದೆ. ವೈನಿಗೆ ಇರುವುದು ಮೂಲೆಯ ಒಂದು ಕಪಾಟು. ಆ ಕಪಾಟಿನಲ್ಲಿ ಕೆಲವು ಬಾಟಲಿಗಳ ಕತ್ತಿಗೆ ಹಳದಿ ದಾರ. ಅಷ್ಟಿಷ್ಟು ದುಡ್ಡಿನಲ್ಲಿ ನೆಮ್ಮದಿಯಾಗಿ ಕುಡಿಯಬಹುದಾದ ವೈನ್ ಇದು ಎಂಬುದಕ್ಕೆ ಗಂಗಹನುಮಯ್ಯ ಇಟ್ಟ ಗುರುತು. ಬೆಟ್ಟ ಹತ್ತಲು ಬಂದವರು, ಶಿರಾದ ಬ್ಯಾಂಕಿನವರು, ಕೊರಟಗೆರೆಯ ನಿವೃತ್ತ ಮೇಷ್ಟ್ರು, ಎಲ್ಲರೂ ಹುಡುಕುವುದು ಅದನ್ನೇ. ಪಾವಗಡದ ಕಡೆಯವರು ಬಾಗಿಲಲ್ಲೇ ನಿಂತು ತೆಲುಗಿನಲ್ಲಿ ಕೂಗುತ್ತಾರೆ: "ಅನ್ನಾ, ದಾರಂ ಬಾಟ್ಲು ಉಂದಾ?"

ಗಂಗಹನುಮಯ್ಯ ವೈನ್ ಕಲಿತದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ. ಹಣ್ಣು ಕೊಯ್ಯಲು ಹೋದವರು ಪೀಪಾಯಿ ತೊಳೆಯುವ ಕೆಲಸಕ್ಕೆ ಸೇರಿ, ತೊಳೆಯುವ ಮುಂಚೆ ಮೂಸುವ ಅಭ್ಯಾಸ ಮಾಡಿಕೊಂಡರು. ಯಾವ ಪೀಪಾಯಿ ಕೆಟ್ಟಿದೆ ಎಂದು ಮುಚ್ಚಳ ಎತ್ತಿದ ಕೂಡಲೇ ಹೇಳುತ್ತಿದ್ದರಂತೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ಈ ಅಂಗಡಿಗೆ ಸೇರಿದರು. ಹೊಸ ಲಾಟು ಬಂದಾಗಲೆಲ್ಲ ಒಂದು ಬಾಟಲಿ ಮನೆಗೆ ತಂದು ಬೆಳಿಗ್ಗೆ ಪರೀಕ್ಷೆ ಮಾಡುವುದು ಆಗಲೇ ಶುರುವಾಯಿತು.

"ಜನ ಬಾಟ್ಲಿ ತೂಕ ನೋಡ್ತಾರೆ ಸಾ. ತೂಕ ಇರೋದು ಗಾಜಿಂದು, ವೈನಿಂದಲ್ಲ," ಎನ್ನುತ್ತಾರೆ, ಜಗಲಿಯಲ್ಲಿ ಪಕ್ಕಕ್ಕೆ ಕುಳಿತ ನನಗೆ. "ತಿರುಪು ಮುಚ್ಚಳ ಅಂದ್ರೆ ಅಗ್ಗ ಅಂತ ಮೂತಿ ತಿರುಗಿಸ್ತಾರೆ. ನಮ್ಮ ಸೆಕೆಗೆ ಅದೇ ಸರಿ. ಬಿಳೀದು ಈಚಿನ ವರ್ಷದ್ದು ತಗೊಳ್ಳಿ. ಬಿಸಿಲು ಬೀಳೋ ಗಾಜಿನ ಕಪಾಟಲ್ಲಿ ನಿಂತಿರೋದು ಪುಕ್ಕಟೆ ಕೊಟ್ರೂ ಬ್ಯಾಡ."

ಇಷ್ಟೆಲ್ಲ ಬಲ್ಲವರು ಇನ್ನೊಬ್ಬನ ಮೂಗು ಯಾಕೆ ಕಾಯಬೇಕು ಎಂದು ಕೇಳುತ್ತೇನೆ. ಪ್ರಸಾದ್ ಆಗಲೇ ಬೈಕ್ ಹತ್ತಿ ಹೋಗಿಯಾಗಿದೆ. ಗಂಗಹನುಮಯ್ಯ ಲೋಟಗಳನ್ನು ತೊಳೆದು ಬೋರಲು ಹಾಕಿ ಹೇಳುತ್ತಾರೆ: "ನಂಗೆ ವಾಸ್ನೆ ಬರಲ್ಲ ಸಾ. ಕೊರೊನಾ ಜ್ವರ ಬಂದು ಎಲ್ಲಾ ತಗೊಂಡೋಗ್ಬುಡ್ತು. ಸೀಮೆಎಣ್ಣೆನೂ ಒಂದೇ, ಮಲ್ಲಿಗೆನೂ ಒಂದೇ."

ಮೂಗು ಹೋದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಹುಳಿ, ಸಿಹಿ, ಒಗರು ನಾಲಿಗೆಗೆ ಸಿಗುತ್ತಿತ್ತು. ಉಳಿದದ್ದನ್ನು ನೆನಪಿನ ಮೇಲೆ, ಹಳೆಯ ಕಂಪನಿಗಳ ಹೆಸರಿನ ಮೇಲೆ ನಡೆಸಿದರು. ಹೀಗೆ ಒಂದು ವರ್ಷಕ್ಕೂ ಮಿಕ್ಕಿ ಕಳೆಯಿತು. ಮನೆಯಲ್ಲಿ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಮಾತ್ರ ಗೊತ್ತಿತ್ತು. "ಸಾರು ಸೀದೋಗಿ ಮನೆಯೆಲ್ಲಾ ಹೊಗೆ ತುಂಬ್ಕೊಂಡಿದ್ರೂ ಪೇಪರ್ ಓದ್ತಾ ಕುಂತಿದ್ರು. ಅವತ್ತೇ ತಿಳ್ಕೊಂಡೆ," ಎನ್ನುತ್ತಾರೆ ಆಕೆ.

ಗುಟ್ಟು ಒಡೆದದ್ದು ಚೈತ್ರಾರಿಂದ. ಪಾವಗಡದ ಸೋಲಾರ್ ಪಾರ್ಕಿನ ಕಚೇರಿಯಲ್ಲಿ ಕೆಲಸ ಮಾಡುವ ಆಕೆ ಮದುವೆಯ ಮೊದಲ ವಾರ್ಷಿಕೋತ್ಸವಕ್ಕೆಂದು ದಾರದ ಬಾಟಲಿ ಒಯ್ದಿದ್ದರು. ಮರುದಿನ ಮುಚ್ಚಳ ತೆಗೆದಿದ್ದ ಅದೇ ಬಾಟಲಿಯನ್ನು ವಾಪಸ್ ತಂದರು. "ಇದ್ರಲ್ಲಿ ನೇಲ್ ಪಾಲಿಷ್ ವಾಸನೆ ಬರ್ತಿದೆ ಅಂಕಲ್. ನಿಮ್ಮನ್ನ ನಂಬಿ ಗೆಳತಿಯರನ್ನೆಲ್ಲ ಕರೆದಿದ್ದೆ," ಎಂದರು. ಗಂಗಹನುಮಯ್ಯ ಮೂಸಿದರು. ಏನೂ ಇಲ್ಲ. "ಚೆನ್ನಾಗೇ ಐತಲ್ಲಮ್ಮ," ಎಂದುಬಿಟ್ಟರು. ಆಗ ಬಿಲ್ ಹಾಕುತ್ತಿದ್ದ ರೇಣುಕಪ್ರಸಾದ್ ಕೂತಲ್ಲಿಂದಲೇ ತಲೆ ಎತ್ತಿ, "ಯಾರ್ಲಾ ಅದು ಇಲ್ಲಿ ಥಿನ್ನರ್ ಚೆಲ್ಲಿದ್ದು?" ಎಂದ. ಮೂರು ಮಾರು ದೂರದಲ್ಲಿದ್ದ ಅವನ ಮೂಗಿಗೆ ಬಡಿದಿತ್ತು.

ಮಾಲೀಕ ಮೋಹನ್ ಕುಮಾರ್ ಬೈಯಲಿಲ್ಲ. ಕಪಾಟಿನ ಜವಾಬ್ದಾರಿಯನ್ನು ಪ್ರಸಾದನಿಗೆ ಕೊಟ್ಟು, ಗಂಗಹನುಮಯ್ಯನವರನ್ನು ಬಿಲ್ಲಿಗೆ ಕೂರಿಸಿದರು. ದಾರದ ಉಂಡೆ ಪ್ರಸಾದನ ಜೇಬಿಗೆ ಹೋಯಿತು.

"ಹೊಟ್ಟೆಕಿಚ್ಚು ಅಂದ್ರೆ ಏನು ಅಂತ ಆಗ ಗೊತ್ತಾಯ್ತು ಸಾ. ಹೊಟ್ಟೇಲಲ್ಲ ಅದು, ಗಂಟಲಲ್ಲಿ ಉರೀತದೆ," ಎನ್ನುತ್ತಾರೆ ಅವರು. ಈ ಮಾತು ಹೇಳುವಾಗ ನಾಚಿಕೆ ಇಲ್ಲ. "ಅವ್ನು ಪೀಪಾಯಿ ತೊಳೆದೋನಲ್ಲ. ದ್ರಾಕ್ಷಿ ಗಿಡ ಕಂಡೋನಲ್ಲ. ದಿನಾ ಪಾನ್ ಪರಾಗ್ ಜಗಿತಿದ್ದ. ಅಂಥೋನಿಗೆ ಆ ದೇವ್ರು ಅಂಥಾ ಮೂಗು ಯಾಕೆ ಕೊಡ್ಬೇಕಿತ್ತು? ಅವ್ನು ತಪ್ಪು ಮಾಡ್ಲಿ ಅಂತ ದಿನಾ ಕಾಯ್ತಿದ್ದೆ. ಮಾಡ್ಲಿಲ್ಲ ನನ್ಮಗ."

ತಪ್ಪು ಮಾಡದಿದ್ದದ್ದಷ್ಟೇ ಅಲ್ಲ, ಪ್ರಸಾದ್ ಹೊಸದನ್ನೂ ಹುಡುಕಿದ. ಯಾರೂ ಕೇಳದೆ ಮೂಲೆಯಲ್ಲಿ ಬಿದ್ದಿದ್ದ, ಸೀಬೆಹಣ್ಣಿನ ಪರಿಮಳದ ಬಿಳಿ ವೈನೊಂದಕ್ಕೆ ದಾರ ಕಟ್ಟಿದ. ದುಬಾರಿಯೇನಲ್ಲದ ಆ ಬಾಟಲಿ ವಾರದೊಳಗೆ ಖಾಲಿ. ಗಂಗಹನುಮಯ್ಯ ಅದನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟಿದ್ದರು. ಅದೂ ಮೂಗು ನೆಟ್ಟಗಿದ್ದ ಕಾಲದಲ್ಲಿ! ಗಿರಾಕಿಗಳು ಬಾಗಿಲಲ್ಲೇ "ಪ್ರಸಾದಣ್ಣ ಇಲ್ವಾ?" ಎಂದು ಕೇಳತೊಡಗಿದರು. ಗಂಗಹನುಮಯ್ಯ "ಇಲ್ಲ" ಎಂದುಬಿಡುತ್ತಿದ್ದರು, ಪ್ರಸಾದ್ ಒಳಗೆ ಗೋಡೌನಿನಲ್ಲೇ ಇದ್ದರೂ.

ಮನೆಯಲ್ಲೂ ಅದೇ ಕುದಿತ. ಹೆಂಡತಿ ಒಗ್ಗರಣೆಗೆ ಇಂಗು ಹಾಕಿ ಮೂಗರಳಿಸಿದರೆ ಅವರಿಗೆ ಸಿಟ್ಟು. "ಮಳೆ ಬಂದು ಮಣ್ಣಿನ ವಾಸ್ನೆ ಬಂತು ಅಂದ್ರೂ ನನ್ ಮ್ಯಾಲೆ ರೇಗೋರು," ಎಂದು ಚಿಕ್ಕಲಕ್ಷ್ಮಮ್ಮ ನಗುತ್ತಾರೆ. "ಕೊನೆಗೆ ಒಂದಿನ ಅಂದ್ಬುಟ್ಟೆ, ಆ ಹುಡುಗ ನಿಮ್ಮ ಮೂಗು ಕಿತ್ಕೊಂಡೋಗಿಲ್ಲ ಕಣ್ರೀ, ಅವನದ್ದು ಅವನ್ದೇ ಅಂತ."

ಆಮೇಲೊಂದು ಬೆಳಿಗ್ಗೆ ಪ್ರಸಾದ್ ಬಾಟಲಿ ಹಿಡಿದು ಇದೇ ಜಗಲಿಗೆ ಬಂದ. ಕೊರಟಗೆರೆಯ ಮೇಷ್ಟ್ರು ಮಗಳ ನಿಶ್ಚಿತಾರ್ಥಕ್ಕೆ ಬರುವ ನೆಂಟರಿಗಾಗಿ ಒಂದಿಡೀ ಪೆಟ್ಟಿಗೆ ಹೇಳಿದ್ದರು. ಕಾರ್ಕಿನ ಬಿರಡೆ ಹಾಕಿದ ಆ ವೈನಿನಲ್ಲಿ ಏನೋ ಒಂದು ಇತ್ತು, ಅದೇನೆಂದು ಅವನಿಗೆ ತಿಳಿಯಲಿಲ್ಲ. ಬೇಡ ಎಂದರೆ ವ್ಯಾಪಾರ ಹೋಗುತ್ತದೆ, ಹೂಂ ಎಂದರೆ ಮೇಷ್ಟ್ರ ಮಾನ.

ಗಂಗಹನುಮಯ್ಯ ಒಳಗೆ ಕರೆಯಲಿಲ್ಲ. "ಯಾಕೆ, ನಿನ್ ಮೂಗಿಗೆ ನೆಗಡಿನಾ?" ಎಂದರು.

"ವಾಸ್ನೆ ಬರ್ತೈತಣ್ಣ. ಏನು ಅಂತ ಗೊತ್ತಾಗ್ತಿಲ್ಲ. ನೀವು ಕಂಡಿರ್ತೀರ ಅಂತ ಬಂದೆ."

"ಹೆಂಗೈತೆ, ಹೇಳು."

"ಮಳೇಲಿ ನೆಂದು ಮೂಲೇಲಿ ಬಿದ್ದಿರೋ ಗೋಣಿಚೀಲ ಇದ್ದಂಗೆ."

ಗಂಗಹನುಮಯ್ಯನವರಿಗೆ ತೋಟದ ನೆಲಮಾಳಿಗೆಯೇ ಎದುರು ಬಂದು ನಿಂತಂತಾಯಿತು. ಮೂಗಿಗೆ ಏನೂ ಬರಲಿಲ್ಲ, ಆದರೆ ವಾಸನೆ ಇಡಿಯಾಗಿ ನೆನಪಾಯಿತು. "ಬಿರಡೆ ಕೆಟ್ಟೈತೆ ಕಣ್ಲಾ. ಪೆಟ್ಟಿಗೇಲಿ ಎಲ್ಲಾ ಕೆಟ್ಟಿರಲ್ಲ. ಒಂದೊಂದೇ ತೆಗೆದು ನೀನು ಮೂಸು, ಆಮೇಲೆ ಲೋಟಕ್ಕೆ ಹಾಕು. ನಾನೂ ಬರ್ತೀನಿ."

ನಿಶ್ಚಿತಾರ್ಥದ ದಿನ ಇಬ್ಬರೂ ಕೊರಟಗೆರೆಗೆ ಹೋದರು. ಪ್ರಸಾದ್ ಹಿತ್ತಿಲಲ್ಲಿ ನಿಂತು ಮೂಸಿದ. ಇವರು ಪಕ್ಕದಲ್ಲಿ ನಿಂತು ಅನುಮಾನ ಬಂದದ್ದನ್ನು ಎರಡನೇ ಸಲ ಮೂಸಿಸಿದರು. ಎರಡು ಬಾಟಲಿ ಚರಂಡಿಗೆ ಹೋದವು. ಮೇಷ್ಟ್ರು ಖುಷಿಯಾಗಿ ಪ್ರಸಾದನಿಗೆ ಶಾಲು ಹೊದಿಸಿದರು. ಗಂಗಹನುಮಯ್ಯನವರಿಗೆ ಊಟ ಹಾಕಿಸಿದರು. "ಊಟ ಚೆನ್ನಾಗಿತ್ತಾ?" ಎಂದರೆ, "ನಂಗೆ ಶಾಲು ಕಾಣ್ತಿತ್ತು, ಊಟ ಕಾಣ್ಲಿಲ್ಲ," ಎನ್ನುತ್ತಾರೆ.

ಆಮೇಲೆ ಮೋಹನ್ ಕುಮಾರ್ ಬಿಲ್ಲಿಗೆ ಬೇರೆಯವರನ್ನು ನೇಮಿಸಿಕೊಂಡು, ಕಪಾಟನ್ನು ಇಬ್ಬರಿಗೂ ಒಪ್ಪಿಸಿದ್ದಾರೆ. ಬೆಳಗಿನ ಪರೀಕ್ಷೆ ಮತ್ತೆ ಜಗಲಿಗೆ ಬಂದಿದೆ. ಪ್ರಸಾದ್ ಪಾನ್ ಪರಾಗ್ ಬಿಟ್ಟಿದ್ದಾನೆ, ಬಿಡಿಸಿದವರು ಇವರೇ. "ಅಷ್ಟೊಳ್ಳೆ ಮೂಗು ಹಾಳಾದ್ರೆ ನಂಗೆ ತಡಿಯಕ್ಕಾಗಲ್ಲ," ಎನ್ನುತ್ತಾರೆ.

ಹಾಗಾದರೆ ಹೊಟ್ಟೆಕಿಚ್ಚು ಹೋಯಿತೇ?

"ಎಲ್ಲಿ ಹೋಯ್ತದೆ ಸಾ? ದಿನಾ ಬೆಳಿಗ್ಗೆ ಎದುರಿಗೇ ಕುಂತ್ಕೊಂಡು ನೇರಳೆ ಹಣ್ಣು, ಸೀಬೆ ಹಣ್ಣು ಅಂತಾನೆ." ಆಸೆ ಏನಾದರೂ ಇದೆಯೇ ಎಂದರೆ, ಬೋರಲು ಹಾಕಿದ ಲೋಟ ಎತ್ತಿ ಒರೆಸುತ್ತಾ ಹೇಳುತ್ತಾರೆ. "ದೊಡ್ಡದೇನಿಲ್ಲ. ಒಂದೇ ಒಂದು ಬೆಳಿಗ್ಗೆ, ಅವ್ನು ಲೋಟ ಎತ್ತೋಕ್ ಮುಂಚೆ ನಂಗೆ ವಾಸ್ನೆ ಬರ್ಬೇಕು. ಏನೈತಣ್ಣ ಅಂತ ಅವ್ನು ನನ್ನ ಕೇಳ್ಬೇಕು. ಹೇಳ್ದೆ ಒಂಚೂರು ಹೊತ್ತು ಸುಮ್ಕೆ ಕುಂತ್ಕೊತೀನಿ."