ಉಗಿಹಡಗಿನ ಹಲಗೆಯ ಮೇಲೆ ಬರಿಗಾಲು

ಹಡ್ಸನ್ ನದಿಯನ್ನು ಮೊದಲ ಸಲ ದಾಟಿದಾಗ ನನಗೆ ನೀರೇ ಕಾಣಲಿಲ್ಲ. ನಾವಿರುವ ಮೆಟುಚೆನ್‌ನಲ್ಲಿ ಹತ್ತಿದ ರೈಲು ನದಿಯಡಿಯ ಸುರಂಗಕ್ಕೆ ನುಗ್ಗಿತು, ಕಿಟಕಿ ಕಪ್ಪಾಯಿತು, ಬೆಳಕು ಬಂದಾಗ ನ್ಯೂಯಾರ್ಕ್. ಯಾರೂ ಫೋನಿನಿಂದ ತಲೆಯೆತ್ತಲಿಲ್ಲ. ನನ್ನಪ್ಪ ಶರಾವತಿಯಲ್ಲಿ ಲಾಂಚು ನಡೆಸುತ್ತಿದ್ದವರು. ಹೊನ್ನಾವರದಲ್ಲಿ ಹತ್ತಿದವರು ಇಳಿಯುವಷ್ಟರಲ್ಲಿ ಯಾರ ಮನೆಯಲ್ಲಿ ಮದುವೆ, ಯಾರಿಗೆ ಜ್ವರ ಎಲ್ಲವೂ ತಿಳಿದಿರುತ್ತಿತ್ತು. ಇಲ್ಲಿ ಎರಡು ವರ್ಷವಾದರೂ ಪಕ್ಕದ ಅಪಾರ್ಟ್‌ಮೆಂಟಿನವರ ಹೆಸರು ನನಗೆ ಗೊತ್ತಿಲ್ಲ.

ಊರಿನ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳು, ದುಡಿಯುವಂತಿಲ್ಲ. ಇಡೀ ದಿನ ಬಾಯಿ ಬಿಡದೆ ಕೂತು, ಸಂಜೆ ಗಿರೀಶ ಬಂದಾಗ ನನ್ನ ದನಿ ನನಗೇ ಅಪರಿಚಿತ. ಹೀಗಿರುವಾಗ ನದಿದಂಡೆಯ ಪುಟ್ಟ ಮ್ಯೂಸಿಯಂ ಒಂದಕ್ಕೆ ಡೋಸೆಂಟ್ ಬೇಕೆಂದು ಓದಿದೆ. ಡೋಸೆಂಟ್ ಎಂದರೆ ಸಂಬಳವಿಲ್ಲದೆ ಮ್ಯೂಸಿಯಂ ತೋರಿಸುವವರು.

“ಎಂತಕ್ಕೆ ಮಾರಾಯ್ತಿ, ಅಷ್ಟು ದೂರ ಕಮ್ಯೂಟ್ ಮಾಡಿ ಪುಕ್ಕಟೆ ಕೆಲ್ಸ?” ಎಂದ ಗಿರೀಶ.

“ಗೋಡೆ ಹತ್ರ ಮಾತಾಡೂದಕ್ಕಿಂತ ಅಡ್ಡಿಲ್ಲ” ಎಂದೆ.

ಅಲ್ಲಿರುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶದ ಪಶ್ಚಿಮದ ನದಿಗಳಲ್ಲಿ ಓಡಾಡಿದ ಉಗಿಹಡಗುಗಳ ಕಥೆ. ಆಗ ಆ ಕಡೆ ರಸ್ತೆಯಿಲ್ಲ, ರೈಲಿಲ್ಲ; ಹೊಸ ನೆಲ ಹುಡುಕಿಕೊಂಡು ಹೋದವರಿಗೆ ನದಿಯೇ ದಾರಿ. ಮರಳು ದಿಬ್ಬಗಳು ವರ್ಷವರ್ಷ ಜಾಗ ಬದಲಿಸುತ್ತಿದ್ದುದರಿಂದ ಹಡಗಿನ ಮುಂತುದಿಯಲ್ಲಿ ಒಬ್ಬ ನಿಂತು ಆಳ ಅಳೆದು ಕೂಗುತ್ತಿದ್ದ. ಬೇಸಿಗೆಯಲ್ಲಿ ಅಪ್ಪನೂ ಬಿದಿರ ಗಳ ಇಳಿಸಿ “ಒಂದಾಳು, ಒಂದೂವರೆ ಆಳು” ಎನ್ನುತ್ತಿದ್ದರು. ಬಾಯ್ಲರಿಗೆ ಎಷ್ಟು ಸೌದೆಯಿದ್ದರೂ ಸಾಲದು. ದಂಡೆಯ ಒಂಟಿ ಗುಡಿಸಲುಗಳವರು ಕಡಿದು ಒಟ್ಟಿ ಮಾರುತ್ತಿದ್ದರು. ಹಡಗು ಸೌದೆಗೆಂದು ನಿಂತಾಗಲೇ ಅವರಿಗೆ ಬೇರೆ ಮನುಷ್ಯರ ಮುಖ. ಅದನ್ನು ಓದಿ ನನಗೆ ಅಳು ಬಂತು.

ಆಯ್ಕೆಗೆ ಮೊದಲು ಒಂದು ಪರೀಕ್ಷೆ. ಹಡಗಿನ ಮುಂಭಾಗವನ್ನು ಮರದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಬಂದ ಜನರನ್ನು ಅದರ ಮೇಲೆ ಹತ್ತಿಸಿಕೊಂಡು ಕಥೆ ಹೇಳಬೇಕು. ಉಸ್ತುವಾರಿಯ ಮಾರ್ಗರೆಟ್ ಹಿಂದೆ ನಿಂತು ಕೇಳಿದರು. ಚೆನ್ನಾಗಿಯೇ ಹೇಳಿದೆ. ಮುಗಿಸಿ ನೋಡುತ್ತೇನೆ, ಕೆಳಗೆ ಒಂಬತ್ತು ಜೊತೆ ಶೂಗಳು. ಹತ್ತುವಾಗ ನಾನು ಅಭ್ಯಾಸಬಲದಿಂದ ಶೂ ಕಳಚಿದ್ದೆ. ಅದು ಇಲ್ಲಿಯ ನಿಯಮವಿರಬೇಕೆಂದುಕೊಂಡು, ಬಂದವರೂ ಕಳಚಿದ್ದರು.

“ಯಾರ ಕಾಲಿಗಾದರೂ ಮೊಳೆ ಚುಚ್ಚಿದ್ದರೆ?” ಎಂದರು ಮಾರ್ಗರೆಟ್. ಅಪ್ಪನ ಲಾಂಚಿಗೆ ಯಾರೂ ಮೆಟ್ಟಿದ ಚಪ್ಪಲಿಯಲ್ಲಿ ಹತ್ತುತ್ತಿರಲಿಲ್ಲ, ಅನ್ನ ಕೊಡುವ ದೋಣಿಯನ್ನು ಹಾಗೆ ತುಳಿಯುವುದಿಲ್ಲ ಎಂದು ತೊದಲಿದೆ. ಕೆಲಸ ಕೈತಪ್ಪಿತೆಂದೇ ಅಂದುಕೊಂಡೆ. ಅವರು ಕೆಳಗಿನ ಶೂಗಳತ್ತ ಕೈ ತೋರಿಸಿ, “ಶನಿವಾರಗಳು ನಿಮ್ಮವು. ಆದರೆ ಶೂ ಹಾಕಿರಬೇಕು” ಎಂದರು.

ಮೊದಲ ಶನಿವಾರ ಜನ ಬರುವ ಮುಂಚೆ ಹಡಗಿನ ಮೇಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಬಾಯ್ಲರು, ಗಂಟೆ, ಚುಕ್ಕಾಣಿ ಎಲ್ಲ ತೋರಿಸಿದೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು.

“ಚಪ್ಪಲಿ ತೆಗ್ದೇ ಹತ್ತಿದ್ಯಲ, ಮಗಾ?”

“ಹೌದು ಅಪ್ಪ” ಎಂದೆ. ಕಾಲು ಕಾಣದಂತೆ ಫೋನನ್ನು ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿದೆ.